ಮನೆಯಲ್ಲಿ ಕೂಗುವ ಬೈಟ್ ಅಲಾರ್ಮ್ ಐಸ್ ಮೇಲೆ ಯಾಕೆ ಸುಮ್ಮನಾಗುತ್ತದೆ?

ಪ್ರಶ್ನೆ: ಮಿನ್ನೆಸೋಟಾದಲ್ಲಿದ್ದೇನೆ. ಐಸ್ ಫಿಶಿಂಗ್‌ಗೆ, ಮೀನು ಗಾಳ ಕಚ್ಚಿದ್ದನ್ನು ಕೂಗಿ ಹೇಳುವ ಒಂದು ಅಲಾರ್ಮ್ (ಬೈಟ್ ಅಲಾರ್ಮ್) ನಾನೇ ಮಾಡಿದ್ದೇನೆ. ಬಟ್ಟೆ ಕ್ಲಿಪ್ಪಿನ ಬಾಯಿಗೆ ಎರಡು ತಾಮ್ರದ ತುಂಡು, ನಡುವೆ ಪ್ಲಾಸ್ಟಿಕ್ ಚೂರು, ನಾಣ್ಯದಂಥ ಒಂದು ಸಿಆರ್2032 ಸೆಲ್, ಒಂದು ಬಜರ್. ಟಿಪ್-ಅಪ್ ಬಾವುಟ ಎದ್ದಾಗ ಪ್ಲಾಸ್ಟಿಕ್ ಚೂರು ಕಿತ್ತು ಬಂದು ಬಜರ್ ಕೂಗಬೇಕು. ಮನೆಯಲ್ಲಿ ಪ್ರತಿ ಸಲವೂ ಕೂಗುತ್ತದೆ. ಕೆರೆ ಮೇಲೆ ಬಾವುಟ ಎದ್ದರೂ ಕೂಗುವುದಿಲ್ಲ. ಯಾಕೆ?

ಉತ್ತರ: ನಿಮ್ಮ ಸರ್ಕ್ಯೂಟ್ ಸರಿಯಾಗಿಯೇ ಇದೆ. ಚಳಿಯಲ್ಲಿ ಕೈಕೊಡುತ್ತಿರುವುದು ಸ್ವಿಚ್ ಮತ್ತು ಬ್ಯಾಟರಿ. ಬಹಳ ಸಲ ಎರಡೂ ಒಟ್ಟಿಗೆ.

ಟಿಪ್-ಅಪ್ ನೋಡಿಲ್ಲದವರಿಗೆ ಒಂದು ಮಾತು. ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು, ಅದರ ಮೇಲೆ ಅಡ್ಡಲಾಗಿ ಇಡುವ ಸಾಧನ ಇದು. ದಾರದ ಉರುಳೆ ನೀರಿನೊಳಗೇ ಇರುತ್ತದೆ, ಹಾಗಾಗಿ ಅದು ಹೆಪ್ಪುಗಟ್ಟುವುದಿಲ್ಲ. ಮೀನು ಗಾಳ ಎಳೆದಾಗ ಉರುಳೆ ತಿರುಗಿ ಕೊಕ್ಕೆ ಬಿಡಿಸುತ್ತದೆ, ಬಗ್ಗಿಸಿಟ್ಟ ಸ್ಪ್ರಿಂಗ್ ಸ್ಟೀಲ್ ಪಟ್ಟಿ ಚಿಮ್ಮಿ ಬಾವುಟ ಮೇಲೇಳುತ್ತದೆ. ಹಗಲಲ್ಲಿ ಇಷ್ಟೇ ಸಾಕು. ಆದರೆ ವಾಲೈ ಮೀನು ಕಚ್ಚುವುದು ಜಾಸ್ತಿ ಸಂಜೆ ಕತ್ತಲಾಗುವ ಹೊತ್ತಿಗೆ, ಆಗ ಬಾವುಟ ಯಾರಿಗೆ ಕಾಣಿಸಬೇಕು? ಅದಕ್ಕೇ ಅಲಾರ್ಮ್.

ಈಗ ಸ್ವಿಚ್. ತೆರೆದಿರುವ ತಾಮ್ರದ ಮೇಲೆ ನಿಮ್ಮ ಉಸಿರಿನ ತೇವ, ತೂತಿನಿಂದ ಚಿಮ್ಮಿದ ನೀರು, ಐಸ್ ಮೇಲಿನ ಬಿಸಿ ಗುಡಿಸಲಿನಿಂದ ಹೊರಗೆ ತಂದಾಗ ಕೂತ ಹನಿ, ಎಲ್ಲವೂ ತೆಳ್ಳಗೆ ಹೆಪ್ಪುಗಟ್ಟುತ್ತವೆ. ಕಣ್ಣಿಗೆ ಕಾಣದಷ್ಟು ತೆಳು ಪದರ ಸಾಕು, 3 ವೋಲ್ಟ್ ಅದನ್ನು ದಾಟುವುದಿಲ್ಲ. ಕ್ಲಿಪ್ಪು ಮುಚ್ಚಿಕೊಂಡಿದೆ, ಕರೆಂಟ್ ಮಾತ್ರ ಹರಿಯುತ್ತಿಲ್ಲ. ಇನ್ನೂ ಕೆಟ್ಟದ್ದು ಅಂದರೆ ಪ್ಲಾಸ್ಟಿಕ್ ಚೂರೇ ಅಂಟಿಕೊಂಡು, ಬಾವುಟ ಅದನ್ನು ಕೀಳಲಾಗದೆ ಅರ್ಧಕ್ಕೇ ನಿಲ್ಲುವುದು.

ಇದಕ್ಕೆ ಮದ್ದು ರೀಡ್ ಸ್ವಿಚ್. 1936ರಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್‌ವುಡ್ ಕಂಡುಹಿಡಿದದ್ದು. ಚಿಕ್ಕ ಗಾಜಿನ ಕೊಳವೆಯೊಳಗೆ ಎರಡು ಲೋಹದ ನಾಲಿಗೆ, ಹತ್ತಿರ ಮ್ಯಾಗ್ನೆಟ್ ಬಂದರೆ ಅವು ಒಂದಕ್ಕೊಂದು ಅಂಟುತ್ತವೆ. ಕೊಳವೆ ಪೂರ್ತಿ ಮುಚ್ಚಿರುವುದರಿಂದ ಒಳಗೆ ತೇವ ಹೋಗುವ ಮಾತೇ ಇಲ್ಲ. ಜೊತೆಗೆ ಮ್ಯಾಗ್ನೆಟ್ಟು ಸ್ವಿಚ್ಚಿಗೆ ತಾಗುವುದೂ ಇಲ್ಲ. ನನಗೆ ಇದೇ ದೊಡ್ಡ ಲಾಭ ಅನ್ನಿಸುತ್ತದೆ, ಯಾಕೆಂದರೆ ವಾಲೈ ಬಲು ಅನುಮಾನದ ಮೀನು, ದಾರದಲ್ಲಿ ಸ್ವಲ್ಪ ಬಿಗಿ ಗೊತ್ತಾದರೂ ಬಾಯಿಂದ ಉಗಿದು ಹೋಗುತ್ತದೆ. ಅಲಾರ್ಮ್ ಬಾವುಟವನ್ನು ಮಾತ್ರ ನೋಡಬೇಕು. ದಾರಕ್ಕೂ ಉರುಳೆಗೂ ಅದರ ಭಾರ ಬೀಳಲೇಬಾರದು.

ಮ್ಯಾಗ್ನೆಟ್ ಎಲ್ಲಿ ಕೂರಿಸುವುದು ಅನ್ನುವುದರಲ್ಲಿ ಸ್ವಲ್ಪ ಎಚ್ಚರ ಬೇಕು. ಸಾಮಾನ್ಯ ರೀಡ್ ಸ್ವಿಚ್ ಮ್ಯಾಗ್ನೆಟ್ ಹತ್ತಿರ ಬಂದಾಗ ಆನ್ ಆಗುತ್ತದೆ. ಹಾಗಾಗಿ ಬಾವುಟ ಬಗ್ಗಿದ್ದಾಗ ಮ್ಯಾಗ್ನೆಟ್ ದೂರ ಇರಬೇಕು, ಎದ್ದು ನಿಂತಾಗ ಹತ್ತಿರ ಬರಬೇಕು. ಚಿಕ್ಕ ನಿಯೋಡಿಮಿಯಂ ಮ್ಯಾಗ್ನೆಟ್ಟನ್ನು ಪಟ್ಟಿಯ ಬುಡದ ಕಡೆಗೇ ಎಪಾಕ್ಸಿ ಹಾಕಿ ಅಂಟಿಸಿ. ತುದಿಯಲ್ಲಿ ಅಂಟಿಸಿದರೆ ಬಾವುಟ ಗಾಳಿಗೆ ಅಲ್ಲಾಡಿದಾಗೆಲ್ಲ ಬಜರ್ ತೊದಲುತ್ತದೆ. ಸ್ಟೀಲ್ ಪಟ್ಟಿ ಮ್ಯಾಗ್ನೆಟ್ಟಿನ ಬಲವನ್ನು ಒಂದಿಷ್ಟು ತನ್ನ ಕಡೆಗೇ ಎಳೆದುಕೊಳ್ಳುವುದರಿಂದ, ಮೇಜಿನ ಮೇಲೆ ಅಳೆದ ದೂರ ಇಲ್ಲಿ ನಡೆಯುವುದಿಲ್ಲ. ಟಿಪ್-ಅಪ್ ಮೇಲೇ ಇಟ್ಟು ಹಿಂದೆ ಮುಂದೆ ಸರಿಸಿ ನೋಡಿ, ಆಮೇಲೆ ಭದ್ರ ಮಾಡಿ. ರೀಡ್ ಸ್ವಿಚ್ಚಿನ ಕಾಲು ಬಗ್ಗಿಸುವಾಗ ಗಾಜಿನ ಪಕ್ಕದಲ್ಲಿ ಇಕ್ಕಳದಿಂದ ಹಿಡಿದುಕೊಂಡೇ ಬಗ್ಗಿಸಿ. ಇಲ್ಲದಿದ್ದರೆ ಗಾಜು ಸೀಳುತ್ತದೆ.

ಹಳೇ ಥರ್ಮೋಸ್ಟಾಟ್‌ನಿಂದ ಕಿತ್ತ ಪಾದರಸದ ಸ್ವಿಚ್ ಹಾಕಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ. ತಿನ್ನುವ ಮೀನು ಇರುವ ನೀರಿನ ಮೇಲೆ ಒಡೆಯಬಲ್ಲ ಗಾಜಿನಲ್ಲಿ ಪಾದರಸ ಇಡುವುದು ತಪ್ಪು. ಮೈನಸ್ 39 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದೂ ಹೆಪ್ಪುಗಟ್ಟುತ್ತದೆ, ಆ ಮಾತು ಬೇರೆ.

ಬ್ಯಾಟರಿಗೆ ಬರೋಣ. ಸಿಆರ್2032 ಕೆಟ್ಟ ಸೆಲ್ ಅಲ್ಲ, ಆದರೆ ಅದು ಗಡಿಯಾರಕ್ಕೆ ಬೇಕಾದಂಥ ಸಣ್ಣ ಕರೆಂಟಿಗೆ ಮಾಡಿದ್ದು. ಚಳಿಯಲ್ಲಿ ಅದರ ಒಳಗಿನ ತಡೆ ಏರುತ್ತದೆ. ಬಜರ್ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಮೀಟರ್ ಹಿಡಿದು ನೋಡಿದರೆ 3 ವೋಲ್ಟ್ ತೋರಿಸುತ್ತದೆ, ಅದನ್ನು ನಂಬಬೇಡಿ, ಬಜರ್ ಕೂಗುತ್ತಿರುವಾಗಲೇ ಅಳೆಯಿರಿ. ಸಾಮಾನ್ಯ ಆಲ್ಕಲೈನ್ ಎಎ ಕೂಡ ಬೇಡ, ಅದರೊಳಗಿನ ದ್ರಾವಣ ನೀರಿನದ್ದು, ಚಳಿಗೆ ಸೋಲುತ್ತದೆ. ಚಾರ್ಜ್ ಮಾಡಲಾಗದ ಲಿಥಿಯಂ ಎಎ ಸೆಲ್ ತಗೊಳ್ಳಿ. ಎನರ್ಜೈಸರ್‌ನ ಎಲ್91 ಮೈನಸ್ 40 ಡಿಗ್ರಿವರೆಗೂ ನಡೆಯುತ್ತದೆ. ಬೆಲೆ ಜಾಸ್ತಿ, ಆದರೆ ಬಾವುಟ ಏಳುವವರೆಗೆ ಕರೆಂಟೇ ಖರ್ಚಾಗದ ಕಾರಣ ಬಹಳ ಕಾಲ ಬಾಳುತ್ತದೆ. ಮೂರು ಸೆಲ್ ಸಾಲಾಗಿ ಜೋಡಿಸಿ. ಪ್ಲಸ್‌ನಿಂದ ರೀಡ್ ಸ್ವಿಚ್‌ಗೆ, ಅಲ್ಲಿಂದ 3ರಿಂದ 24 ವೋಲ್ಟಿನ ಪೀಜೋ ಬಜರ್‌ಗೆ, ಅದರಿಂದ ಮೈನಸ್‌ಗೆ. ಬಜರ್‌ಗೆ ಸಮಾನಾಂತರವಾಗಿ ಒಂದು ಕೆಂಪು ಎಲ್‌ಇಡಿ, 220 ಓಮ್ ರೆಸಿಸ್ಟರ್ ಜೊತೆ. ಎಲ್‌ಇಡಿ ಬಿಡಬೇಡಿ. ಹೊಸ ಹಿಮ ಸದ್ದನ್ನು ನುಂಗುತ್ತದೆ, ತಲೆಗೆ ದಪ್ಪ ಟೋಪಿ ಬೇರೆ ಇರುತ್ತದೆ, ಕತ್ತಲಲ್ಲಿ ಬೆಳಕೇ ಮೊದಲು ಗೊತ್ತಾಗುವುದು. ಊರಿಗೆ ಬಂದಾಗ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದರೆ ಸೆಲ್ ಬಿಟ್ಟು ಉಳಿದದ್ದೆಲ್ಲ ಚಿಲ್ಲರೆ ದುಡ್ಡಿಗೆ ಸಿಗುತ್ತದೆ.

ಸಾಮಾನ್ಯ ಪಿವಿಸಿ ವೈರ್ ಚಳಿಗೆ ಸೆಟೆದು ಬಿರುಕು ಬಿಡುತ್ತದೆ, ಸಿಲಿಕೋನ್ ವೈರ್ ಹಾಕಿ. ಹಾಟ್ ಗ್ಲೂ ಕಳಚಿ ಬೀಳುತ್ತದೆ, ಇನ್ಸುಲೇಷನ್ ಟೇಪೂ ಅಷ್ಟೇ. ಬೆಸುಗೆ ಹಾಕಿದ ಜಾಗಗಳಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದರೆ ತೇವ ತಟ್ಟುವುದಿಲ್ಲ.

ಇನ್ನೊಂದು ವಿಷಯ. ಮಿನ್ನೆಸೋಟಾದಲ್ಲಿ ಟಿಪ್-ಅಪ್‌ನಿಂದ 200 ಅಡಿಯೊಳಗೆ ನೀವು ಇರಲೇಬೇಕು. ಅಲಾರ್ಮ್ ಇದೆ ಅಂತ ಕಾರಿನಲ್ಲಿ ಹೋಗಿ ಮಲಗುವಂತಿಲ್ಲ. ಇದು ಬರೀ ದಂಡದ ಮಾತಲ್ಲ. ತಡವಾದಷ್ಟೂ ಮೀನು ಗಾಳವನ್ನು ಆಳಕ್ಕೆ ನುಂಗುತ್ತದೆ, ಆಮೇಲೆ ಅದನ್ನು ವಾಪಸ್ ಬಿಟ್ಟರೂ ಬದುಕುವುದು ಕಷ್ಟ. ಬೇಗ ಕೂಗುವ ಅಲಾರ್ಮ್ ಮೀನಿಗೂ ಒಳ್ಳೆಯದು, ಅಲ್ವಾ?

ಕೆರೆಗೆ ಒಯ್ಯುವ ಮುಂಚೆ ಒಂದು ರಾತ್ರಿ ಪೂರ್ತಿ ಮನೆಯ ಫ್ರೀಜರ್‌ನಲ್ಲಿಡಿ, ಅಲ್ಲಿ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದು ಒಳಗಿದ್ದ ಹಾಗೇ ಮ್ಯಾಗ್ನೆಟ್ ಹಿಡಿದು ಕೂಗಿಸಿ ನೋಡಿ. ಹೊರಗೆ ತೆಗೆದು ಮೈಮೇಲೆಲ್ಲ ಹನಿ ಕೂತ ಮೇಲೆ ಮತ್ತೆ ಫ್ರೀಜರ್‌ಗೆ ಹಾಕಿ, ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಕೂಗಿಸಿ. ಎರಡನೇ ಸಲವೂ ಕೂಗಿದರೆ ಟಿಪ್-ಅಪ್‌ಗೆ ಕಟ್ಟಿ.