ಪ್ಲಗ್ಗಿನ ನಂಬರು ಪವರ್ ಅಲ್ಲ

ಹಳೇ ಮಾರುತಿ 800, ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರು ನಮ್ಮ ಗ್ಯಾರೇಜಿಗೆ ಬಂದರೆ ಒಂದು ಮಾತು ತಪ್ಪದೆ ಕೇಳುತ್ತದೆ. "ಗಾಡಿ ಎಳೀತಿಲ್ಲ ಮಾರಾಯ್ರೆ, ಹೀಟ್ ಜಾಸ್ತಿ ಇರೋ ಸ್ಪಾರ್ಕ್ ಪ್ಲಗ್ ಹಾಕಿ. ಕಿಡಿ ಜೋರಾಗಿ ಬರ್ಲಿ."

ಹಾಟ್ ಪ್ಲಗ್ ಅಂದರೆ ಬಿಸಿ ಕಿಡಿ ಕೊಡುವ ಪ್ಲಗ್ ಅಲ್ಲ. ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ. ಕಿಡಿಯ ಜೋರು ಬರುವುದು ಬ್ಯಾಟರಿಯ ಕರೆಂಟನ್ನು ಹೈ ವೋಲ್ಟೇಜ್ ಮಾಡುವ ಕಾಯಿಲ್‌ನಿಂದ. ಪ್ಲಗ್ಗಿನ ಮೇಲಿನ ಹೀಟ್ ನಂಬರಿಗೂ ಅದಕ್ಕೂ ಸಂಬಂಧವೇ ಇಲ್ಲ. ಪೆಟ್ರೋಲು ಉರಿದಾಗ ಪ್ಲಗ್ಗಿನ ತುದಿ ಕಾಯುತ್ತದಲ್ಲ, ಆ ಬಿಸಿ ಎಷ್ಟು ಬೇಗ ಇಂಜಿನ್ ಹೆಡ್‌ಗೆ ಇಳಿದುಹೋಗುತ್ತದೆ ಅನ್ನುವುದನ್ನು ಮಾತ್ರ ಆ ನಂಬರು ಹೇಳುತ್ತದೆ.

ಪ್ಲಗ್ ಬಿಚ್ಚಿ ತುದಿ ನೋಡಿ. ನಡುವಿನ ಕಡ್ಡಿಯ ಸುತ್ತ ಬಿಳಿ ಪಿಂಗಾಣಿ ಮೂಗು ಕಾಣುತ್ತದೆ. ಸೌಟಿನ ಹಿಡಿ ಉದ್ದ ಇದ್ದರೆ ಕೈಗೆ ಬಿಸಿ ತಡವಾಗಿ ತಲುಪುತ್ತದೆ, ಅಲ್ವಾ? ಇಲ್ಲೂ ಹಾಗೇ. ಒಳಗೆ ಮೂಗು ಉದ್ದ ಇದ್ದರೆ ಬಿಸಿ ತುದಿಯಲ್ಲೇ ನಿಲ್ಲುತ್ತದೆ, ಅದು ಹಾಟ್ ಪ್ಲಗ್. ಮೂಗು ಗಿಡ್ಡ ಇದ್ದರೆ ಬಿಸಿ ಬೇಗ ಇಳಿಯುತ್ತದೆ, ಅದು ಕೋಲ್ಡ್ ಪ್ಲಗ್. ಕಿಡಿ ಎರಡರಲ್ಲೂ ಒಂದೇ.

ತುದಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಅಂಟಿಕೊಳ್ಳುತ್ತದೆ. ಆಗ ಕರೆಂಟು ತುದಿಯ ಗ್ಯಾಪ್ ಹಾರಿ ಕಿಡಿಯಾಗುವ ಬದಲು ಮಸಿಯ ಮೇಲೇ ಹರಿದು ಪ್ಲಗ್ಗಿನ ಲೋಹದ ಮೈಗೆ ಹೋಗುತ್ತದೆ. ಪೆಟ್ರೋಲು ಸರಿಯಾಗಿ ಉರಿಯದೆ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ. 850ರ ಮೇಲೆ ಹೋದರೆ ಇನ್ನೂ ಕಷ್ಟ. ಕಿಡಿ ಬರುವ ಮೊದಲೇ ಕಾದ ತುದಿ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಹೀಗೆ ತೂತು ಬಿದ್ದ ಪಿಸ್ಟನ್ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಲೋಡ್ ಹಾಕಿಕೊಂಡು ಆಗುಂಬೆ ಘಾಟಿ ಹತ್ತುವ ಗಾಡಿಗೆ "ಹೀಟ್ ಜಾಸ್ತಿ" ಪ್ಲಗ್ ಕೇಳಬೇಡಿ ಅನ್ನುವುದು ಇದಕ್ಕೇ.

ನಂಬರಿನದ್ದು ಇನ್ನೊಂದು ಗೊಂದಲ. ಎನ್‌ಜಿಕೆ ಮತ್ತು ಡೆನ್ಸೋ ಕಂಪನಿಗಳ ಪ್ಲಗ್ಗಿನಲ್ಲಿ ನಂಬರು ಹೆಚ್ಚಾದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಉಲ್ಟಾ, ಹೆಚ್ಚಾದಷ್ಟೂ ಹಾಟ್. ಎನ್‌ಜಿಕೆಯ 6 ಹೆಚ್ಚುಕಡಿಮೆ ಡೆನ್ಸೋದ 20ಕ್ಕೆ ಸಮ. 20 ನೋಡಿ "ಇದೇ ಸ್ಟ್ರಾಂಗು" ಅಂದವರಿದ್ದಾರೆ! ಒಬ್ಬರು ಬಾಷ್ 7 ತೆಗೆದು "ನಂಬರ್ ಒಂದೇ ಅಲ್ವಾ" ಅಂತ ಎನ್‌ಜಿಕೆ 7 ಹಾಕಿಸಿಕೊಂಡು ಬಂದರು. ಅವರು ದಿನಾ ಓಡಿಸುವುದು ಮನೆಯಿಂದ ಸೊಸೈಟಿವರೆಗೆ, ಅಷ್ಟೆ. ಅಷ್ಟು ಸಣ್ಣ ಓಟಕ್ಕೆ ಕೋಲ್ಡ್ ಪ್ಲಗ್ಗಿನ ತುದಿ ಸರಿಯಾಗಿ ಕಾಯುವುದೇ ಇಲ್ಲ. ಪ್ಲಗ್ ಬಿಚ್ಚಿದರೆ ಕಾಡಿಗೆಯಂಥ ಒಣ ಮಸಿ. ಕಾರ್ಬುರೇಟರ್ ರಿಚ್ ಆಗಿದ್ದರೂ (ಗಾಳಿಗೆ ಹೋಲಿಸಿದರೆ ಪೆಟ್ರೋಲು ಜಾಸ್ತಿ ಬಿಡುತ್ತಿದ್ದರೂ), ಚೋಕ್ ಸಿಕ್ಕಿಕೊಂಡಿದ್ದರೂ ಇದೇ ಮಸಿ ಬರುತ್ತದೆ. ಅವೆರಡೂ ಸರಿಯಿವೆ ಅಂತ ನೋಡಿಕೊಂಡ ಮೇಲೇ ಪ್ಲಗ್ ಬದಲಾಯಿಸಿದ್ದು.

ನಿಮ್ಮ ಇಂಜಿನ್ ನೋಡದೆ ಇಲ್ಲಿ ಯಾವ ನಂಬರನ್ನೂ ಹೇಳಲಾರೆ. ಕಂಪನಿಯ ಪುಸ್ತಕದಲ್ಲಿರುವುದೇ ಸರಿ. ಆಯಿಲ್ ಕುಡಿಯುವ ಹಳೇ ಇಂಜಿನ್ನಿಗೆ ಒಂದು ಮೆಟ್ಟಿಲು ಹಾಟ್ ಹಾಕುವುದುಂಟು, ಆದರೆ ಅದನ್ನು ಮೆಕ್ಯಾನಿಕ್ ನೋಡಿ ಹೇಳಬೇಕು. ಪ್ಲಗ್ಗಿನ ಚೂಡಿಯ (ತಿರುಪಿನ ಭಾಗದ) ಉದ್ದವೂ ಮುಖ್ಯ. ಎನ್‌ಜಿಕೆ ಕೋಡಿನಲ್ಲಿ 'ಇ' ಅಂದರೆ 19 ಮಿಲಿಮೀಟರ್, 'ಎಚ್' ಅಂದರೆ 12.7. ಗಿಡ್ಡ ತೂತಿಗೆ ಉದ್ದದ್ದು ಹಾಕಿದರೆ ಪಿಸ್ಟನ್ನಿಗೆ ತಾಗಬಹುದು.

ಇರಿಡಿಯಂ ಪ್ಲಗ್ ಒಳ್ಳೆಯದೇ. ತುದಿ ಸಣ್ಣ, ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ, ಬಾಳಿಕೆ ಜಾಸ್ತಿ. ಆದರೆ ತೀರ್ಥಹಳ್ಳಿ ಕಡೆಯ ಒಬ್ಬರು ಅಡಿಕೆ ಬೆಳೆಗಾರರ ಕಥೆ ಕೇಳಿ. ಅವರ 800 ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದು, ಸ್ಟಾರ್ಟ್ ಆದರೂ ಮಿಸ್ಸಿಂಗ್. ಬೆಂಗಳೂರಲ್ಲಿರುವ ಮಗ ಜೆ.ಸಿ. ರೋಡಿನಿಂದ ಇರಿಡಿಯಂ ತಂದು ಕೊಟ್ಟಿದ್ದ. ಏನೂ ಬದಲಾಗಲಿಲ್ಲ. ಗಾಡಿಯನ್ನು ಸಂಜೆವರೆಗೆ ನಿಲ್ಲಿಸಿಕೊಂಡೆ. ಕತ್ತಲಾದ ಮೇಲೆ ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗ ಪ್ಲಗ್ ವೈರುಗಳ ಮೇಲೆ ತುಂತುರು ನೀರು ಬಿಟ್ಟೆವು. ಎರಡನೇ ಸಿಲಿಂಡರಿನ ವೈರು ಇಂಜಿನ್ನಿಗೆ ಉಜ್ಜುವ ಜಾಗದಿಂದ ಚಟಚಟ ಅಂತ ನೀಲಿ ಕಿಡಿ! ಅವರು ಪಾಪ, "ಇಷ್ಟು ದಿನ ಕರೆಂಟು ಇಲ್ಲೇ ಸೋರ್ತಿತ್ತಾ?" ಅಂದರು. ವೈರ್ ಸೆಟ್ ಹಾಕಿದೆವು, ಸರಿಹೋಯಿತು. ನೀವು ಇದನ್ನು ಮನೆಯಲ್ಲಿ ಮಾಡುವುದಾದರೆ ಓಡುವ ಇಂಜಿನ್ನಿನ ವೈರು ಮುಟ್ಟಬೇಡಿ. ಅದರಲ್ಲಿ 20,000 ವೋಲ್ಟ್ ಹತ್ತಿರ ಇರಬಹುದು.

ವೈರು ಕೊಳ್ಳುವಾಗ ದಪ್ಪ, ಕೆಂಪು ಬಣ್ಣ, "ರೇಸಿಂಗ್" ಅನ್ನುವ ಹೆಸರು ನೋಡಬೇಡಿ. ಒಳಗಿನ ಎಳೆ ಕಾರ್ಬನ್ನೋ ತಾಮ್ರವೋ ಕೇಳಿ. ಪಾಯಿಂಟ್ (ಕಾಯಿಲ್ಲಿನ ಕರೆಂಟನ್ನು ಕಡಿದು ಕೂಡಿಸುವ ಸಣ್ಣ ಸ್ವಿಚ್ಚು) ಇರುವ ಹಳೇ ಗಾಡಿಗಳಲ್ಲಿ ತಾಮ್ರದ ವೈರು ನಡೆಯುತ್ತಿತ್ತು, ರೇಡಿಯೊ ಗೊರಗೊರ ಅನ್ನದಂತೆ ಪ್ಲಗ್ ಕ್ಯಾಪಿನಲ್ಲೇ ಕರೆಂಟಿಗೆ ತಡೆಯೊಡ್ಡುವ ರೆಸಿಸ್ಟರ್ ಇರುವುದೂ ಉಂಟು. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲು ಚಿಮ್ಮಿಸುವ) ಗಾಡಿಗೆ ಮಾತ್ರ ರೆಸಿಸ್ಟನ್ಸ್ ಇಲ್ಲದ ಬರೀ ತಾಮ್ರದ ವೈರು ಬೇಡ. ಸೆನ್ಸರ್ ಸಿಗ್ನಲ್ ಕೆಡಬಹುದು.

ಹಳೇ ವೈರು ಸತ್ತಿದೆಯಾ ಅಂತ ಮಲ್ಟಿಮೀಟರಿನಲ್ಲಿ ನೋಡಿ. ಉದ್ದದ ವೈರಿಗೆ ಓಮ್ ಜಾಸ್ತಿ, ಗಿಡ್ಡದಕ್ಕೆ ಕಡಿಮೆ ಬರುವುದು ಸಹಜ. ಒಂದು ಮಾತ್ರ ಮಿಕ್ಕವುಗಳಿಗಿಂತ ತೀರಾ ಬೇರೆ ತೋರಿಸಿದರೆ, ಅಥವಾ ಏನೂ ತೋರಿಸದಿದ್ದರೆ, ಸೆಟ್ಟನ್ನೇ ಬದಲಾಯಿಸಿ. ಪ್ಲಗ್‌ಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಒಳಗೆ ಪೆನ್ಸಿಲ್ ಗೀಟಿನಂತೆ ಕಪ್ಪು ಗೆರೆ ಕಂಡರೆ ಅದೂ ಹೋಗಿದೆ ಅಂತಲೇ ಲೆಕ್ಕ.

ಬಿಚ್ಚುವಾಗ ರಬ್ಬರ್ ಬೂಟ್ ಹಿಡಿದು ಎಳೆಯಿರಿ, ವೈರು ಹಿಡಿದಲ್ಲ. ಒಂದು ತೆಗೆದು, ಅದನ್ನು ಹಾಕಿ, ಆಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ವೈರು ಅದಲುಬದಲಾಗಿ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, ತಪ್ಪುತ್ತದೆ. 800ಕ್ಕೆ ಅದು 1-3-2, ಅಂಬಾಸಿಡರಿಗೆ 1-3-4-2.