ತವರದ ತವರು

ಕಲಬುರಗಿಯ ಓಣಿಗಳಲ್ಲಿ ಕಲಾಯಿ ಹಾಕುವವರ ಕೂಗು ಈಗ ಅಪರೂಪ. ತಿದಿ ಒತ್ತಿ ಕೆಂಡ ಕೆಂಪಾಗಿಸಿ, ತಾಮ್ರದ ಹಂಡೆಗೆ ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಎಳೆದು ಅರಳೆಯಿಂದ ಒರೆಸಿದರೆ ಕಪ್ಪು ತಳ ಥಳಥಳ ಅನ್ನುತ್ತಿತ್ತು. ಬೀದರಿನ ಬಿದರಿ ಕೆಲಸದವರೂ ನವಸಾಗರ ಬಳಸುತ್ತಾರೆ, ಆದರೆ ಉಲ್ಟಾ ಕೆಲಸಕ್ಕೆ. ಕೋಟೆಯ ಮಣ್ಣಿನ ಜೊತೆ ಕುದಿಸಿದಾಗ ಸತು-ತಾಮ್ರದ ಎರಕ ಕಪ್ಪಾಗುತ್ತದೆ, ಅದರೊಳಗೆ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇನ್ನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ನೆಲದಡಿ ಯುರೇನಿಯಂ ಇದೆ.

ತವರ, ಬೆಳ್ಳಿ, ಯುರೇನಿಯಂ. ಮೂರರ ಪರಮಾಣುಗಳೂ ಕಬ್ಬಿಣದ್ದಕ್ಕಿಂತ ಭಾರ, ಆದರೆ ಮೂರರ ತವರುಮನೆ ಒಂದೇ ಅಲ್ಲ. ತವರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮುದಿ ನಕ್ಷತ್ರಗಳ ಒಡಲಲ್ಲಿ ನಿಧಾನವಾಗಿ ಬೆಂದು ಬಂದದ್ದು. ಬೆಳ್ಳಿಯಲ್ಲಿ ಆ ಪಾಲು ಐದನೇ ಒಂದರ ಆಸುಪಾಸು. ಯುರೇನಿಯಂನಲ್ಲಿ ಸೊನ್ನೆ.

ನಕ್ಷತ್ರಗಳು ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಗಳಿಸುತ್ತವೆ. ಕಬ್ಬಿಣದ ತನಕ ಈ ವ್ಯಾಪಾರದಲ್ಲಿ ಲಾಭ, ಮುಂದೆ ಬರೀ ನಷ್ಟ. ನ್ಯೂಕ್ಲಿಯಸ್ ದೊಡ್ಡದಾದಷ್ಟೂ ಅದರ ಧನ ವಿದ್ಯುದಂಶ ಬೇರೆ ನ್ಯೂಕ್ಲಿಯಸ್‌ಗಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನ್ಯೂಟ್ರಾನ್‌ಗೆ ವಿದ್ಯುದಂಶವೇ ಇಲ್ಲವಾದ್ದರಿಂದ ಅದನ್ನು ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಒಳಹೊಕ್ಕ ನ್ಯೂಟ್ರಾನ್ ಹೆಚ್ಚಾಯಿತೆನಿಸಿದಾಗ ಒಂದು ಪ್ರೋಟಾನ್ ಆಗಿ ಬದಲಾಗುತ್ತದೆ, ಧಾತು ಒಂದು ಮನೆ ಮುಂದೆ ಹೋಗುತ್ತದೆ. ಕಬ್ಬಿಣ ಕೋಬಾಲ್ಟ್ ಆಗುತ್ತದೆ, ಕೋಬಾಲ್ಟ್ ನಿಕಲ್ ಆಗುತ್ತದೆ. ಹೀಗೆ.

ಇದಕ್ಕೆ ಕಣ್ಣಿಗೆ ಕಾಣುವ ಪುರಾವೆ ಸಿಕ್ಕಿದ್ದು 1952ರಲ್ಲಿ. ಅಮೆರಿಕದ ಖಗೋಳಜ್ಞ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯ ನಕ್ಷತ್ರಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಟೆಕ್ನೀಷಿಯಂ ಎಂಬ ಧಾತುವಿನ ಗುರುತಿನ ಗೆರೆಗಳನ್ನು ಕಂಡರು. ಈ ಧಾತುವಿಗೆ ಸ್ಥಿರವಾದ ರೂಪವೇ ಇಲ್ಲ. ತೀರಾ ಗಟ್ಟಿಯಾದದ್ದರ ಅರ್ಧಾಯುಷ್ಯವೂ (ಅರ್ಧ ಪಾಲು ಒಡೆದುಹೋಗಲು ಹಿಡಿಯುವ ಕಾಲ) ಕೆಲವು ದಶಲಕ್ಷ ವರ್ಷ ಮಾತ್ರ, ಆ ನಕ್ಷತ್ರಗಳ ವಯಸ್ಸಿನ ಮುಂದೆ ಅದು ಏನೇನೂ ಅಲ್ಲ. ಅಂದಮೇಲೆ ಅದು ಹುಟ್ಟಿನಿಂದ ಬಂದ ಆಸ್ತಿಯಾಗಿರಲು ಸಾಧ್ಯವಿಲ್ಲ, ಅಲ್ಲೇ ತಯಾರಾಗುತ್ತಿರಬೇಕು. ಐದು ವರ್ಷದ ನಂತರ, 1957ರಲ್ಲಿ, ಮಾರ್ಗರೆಟ್ ಬರ್ಬಿಜ್, ಜೆಫ್ರಿ ಬರ್ಬಿಜ್, ವಿಲಿಯಂ ಫೌಲರ್, ಫ್ರೆಡ್ ಹಾಯ್ಲ್ ಸೇರಿ ದೊಡ್ಡದೊಂದು ಪ್ರಬಂಧ ಬರೆದರು. ಅಲಸ್ಟೇರ್ ಕ್ಯಾಮೆರಾನ್ ಅದೇ ವರ್ಷ ಸ್ವತಂತ್ರವಾಗಿ ಅದೇ ದಾರಿ ಹಿಡಿದಿದ್ದರು. ನ್ಯೂಟ್ರಾನ್ ನುಂಗುವುದರಲ್ಲಿ ಎರಡು ಬಗೆ: ನಿಧಾನದ್ದು ಮತ್ತು ವೇಗದ್ದು. ನಿಧಾನದಲ್ಲಿ ಒಂದನ್ನು ನುಂಗಿ ಮತ್ತೊಂದು ಸಿಗುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. ವೇಗದಲ್ಲಿ ಎಲ್ಲವೂ ಕ್ಷಣದ ಮಾತು.

ನಿಧಾನದ ಅಡುಗೆಮನೆ ಇರುವುದು ಸೂರ್ಯನಷ್ಟೋ ಅದರ ಎರಡು-ಮೂರು ಪಟ್ಟೋ ತೂಕವಿದ್ದು ಮುಪ್ಪಿಗೆ ಬಂದ ನಕ್ಷತ್ರಗಳಲ್ಲಿ. ಗರ್ಭದಲ್ಲಿ ಉರಿದು ಮುಗಿದ ಇಂಗಾಲ-ಆಮ್ಲಜನಕ, ಅದರ ಸುತ್ತ ಹೀಲಿಯಂ ಪದರ, ಮೇಲೆ ಉಬ್ಬಿದ ಹೈಡ್ರೋಜನ್ ಹೊದಿಕೆ. ಹೀಲಿಯಂ ಪದರ ಸಾವಿರಾರು ವರ್ಷಕ್ಕೊಮ್ಮೆ ಭಗ್ಗನೆ ಹೊತ್ತಿ ತಣಿಯುತ್ತದೆ. ಪ್ರತಿ ಸಲ ಹೊದಿಕೆಯಿಂದ ಒಂದಿಷ್ಟು ಪ್ರೋಟಾನ್ ಕೆಳಗಿನ, ಇಂಗಾಲ ಬೆರೆತ ಹೀಲಿಯಂ ಪದರಕ್ಕೆ ಸೋರಿ ಇಂಗಾಲ-13 (ಒಂದು ನ್ಯೂಟ್ರಾನ್ ಹೆಚ್ಚಿರುವ ಇಂಗಾಲ) ಹುಟ್ಟುತ್ತದೆ. ಅದು ಹೀಲಿಯಂ ಜೊತೆ ಸೇರಿದಾಗ ಆಮ್ಲಜನಕವಾಗಿ, ಒಂದು ನ್ಯೂಟ್ರಾನ್ ಹೊರಗೆ ಬೀಳುತ್ತದೆ. ಆಮೇಲೆ ಹೊದಿಕೆ ಒಳಗಿಳಿದು, ಬೆಂದದ್ದನ್ನು ಸೌಟಿನಿಂದ ಎತ್ತಿದ ಹಾಗೆ ಮೇಲಕ್ಕೆ ತರುತ್ತದೆ.

ಈಗ ವಿಚಿತ್ರಕ್ಕೆ ಬರೋಣ. ಖಗೋಳಜ್ಞರು ಹೀಲಿಯಂಗಿಂತ ಭಾರದ್ದನ್ನೆಲ್ಲ ‘ಲೋಹ’ ಅನ್ನುತ್ತಾರೆ. ಆಮ್ಲಜನಕವೂ ಅವರಿಗೆ ಲೋಹವೇ. (ಬಿದರಿ ಎರಕದವರ ಮುಂದೆ ಈ ಮಾತು ಆಡಿ ನೋಡಿ!) ಬ್ರಹ್ಮಾಂಡದ ಎಳವೆಯಲ್ಲಿ ಹುಟ್ಟಿದ ನಕ್ಷತ್ರಗಳಿಗೆ ಈ ಲೋಹ ತೀರಾ ಕಡಿಮೆ, ಕೆಲವಕ್ಕೆ ಸೂರ್ಯನ ನೂರನೇ ಒಂದರಷ್ಟು ಕಬ್ಬಿಣವೂ ಇಲ್ಲ. ಮೂಲ ಬಂಡವಾಳವೇ ಇಲ್ಲದವರು ಭಾರದ ಧಾತುವನ್ನೂ ಕಡಿಮೆಯೇ ಮಾಡಬೇಕಲ್ಲವೇ? ಆಗುವುದು ಬೇರೆ. ಇಂಗಾಲ-13ಕ್ಕೆ ಬೇಕಾದ ಇಂಗಾಲವನ್ನು ನಕ್ಷತ್ರ ತನ್ನದೇ ಹೀಲಿಯಂನಿಂದ ಮಾಡಿಕೊಳ್ಳುತ್ತದೆ, ಹಾಗಾಗಿ ಬಡ ನಕ್ಷತ್ರದಲ್ಲೂ ನ್ಯೂಟ್ರಾನ್‌ಗೆ ಬರವಿಲ್ಲ. ತಿನ್ನುವ ಕಬ್ಬಿಣವಷ್ಟೇ ಕಡಿಮೆ. ನೂರು ಜನರ ಪಂಕ್ತಿಗೆ ಮಾಡಿದ ಹೋಳಿಗೆಗೆ ಹತ್ತೇ ಜನ ಕೂತಂತೆ. ಒಂದೊಂದು ಎಲೆಗೂ ರಾಶಿ ಬೀಳುತ್ತದೆ, ಒಂದೊಂದು ಕಬ್ಬಿಣದ ಬೀಜವೂ ತವರ ದಾಟಿ, ಬೇರಿಯಂ ದಾಟಿ, ಸೀಸದವರೆಗೆ ಉಬ್ಬುತ್ತದೆ. ಸೀಸದ 208 ತೂಕದ ರೂಪದಲ್ಲಿ 126 ನ್ಯೂಟ್ರಾನ್ ತುಂಬಿ ಹೊಟ್ಟೆ ಭದ್ರವಾಗಿರುತ್ತದೆ. ಅದು ಮತ್ತೊಂದನ್ನು ಸುಲಭಕ್ಕೆ ಮುಟ್ಟುವುದಿಲ್ಲ, ಎಲ್ಲವೂ ಅಲ್ಲೇ ಗುಡ್ಡೆಯಾಗುತ್ತದೆ.

1998ರಲ್ಲಿ ಇಟಲಿಯ ರಾಬರ್ಟೊ ಗಲ್ಲಿನೊ ಮತ್ತು ಸಂಗಡಿಗರ ಲೆಕ್ಕ ಇದನ್ನೇ ಹೇಳಿತ್ತು. ಆದರೆ ಆ ಕಾಲದ ಮುದಿ ನಕ್ಷತ್ರಗಳು ಎಂದೋ ಸತ್ತಿವೆ, ನೋಡುವುದು ಯಾರನ್ನು? ದಾರಿ ತೋರಿಸಿದ್ದು ಬೇರಿಯಂ ನಕ್ಷತ್ರಗಳು. 1951ರಲ್ಲಿ ಗುರುತಿಸಿದ ಇವುಗಳ ಮೈಯಲ್ಲಿ ಬೇರಿಯಂ ಹೇರಳ, ಆದರೆ ಅದನ್ನು ಮಾಡುವ ವಯಸ್ಸೇ ಇವಕ್ಕೆ ಆಗಿರಲಿಲ್ಲ. 1980ರಲ್ಲಿ ರಾಬರ್ಟ್ ಮ್ಯಾಕ್‌ಕ್ಲೂರ್ ಮತ್ತು ಜೊತೆಗಾರರು ಇವು ಜೋಡಿ ನಕ್ಷತ್ರಗಳೆಂದು ತೋರಿಸಿದರು. ಸಂಗಾತಿ ಸಾಯುವ ಮುಂಚೆ ಚೆಲ್ಲಿದ ದೂಳನ್ನು ಇವು ಮೈಮೇಲೆ ಹೊತ್ತುಕೊಂಡಿವೆ, ಸಂಗಾತಿ ಈಗ ಮಂಕಾದ ಬಿಳಿ ಕುಬ್ಜ. ಬಡ ನಕ್ಷತ್ರಗಳಲ್ಲೂ ಅಂಥ ಜೋಡಿಗಳನ್ನು ಹುಡುಕಿ, 2001ರಲ್ಲಿ ಸೋಫಿ ವಾನ್ ಎಕ್ ತಂಡ ಚಿಲಿಯ ಲಾ ಸಿಲ್ಲಾದ 3.6 ಮೀಟರ್ ದೂರದರ್ಶಕದಿಂದ ಮೂರು ಸೀಸ ನಕ್ಷತ್ರಗಳನ್ನು ಹಿಡಿಯಿತು. ಒಂದರ ಹೆಸರು ಎಚ್‌ಡಿ 196944. ಸೀಸದ ಗೆರೆ ಇರುವುದು ನೇರಳೆಯ ಕಡೆಗೆ, 405.8 ನ್ಯಾನೋಮೀಟರ್‌ನಲ್ಲಿ, ಇಂಗಾಲದ ಅಣುಗಳ ಗೆರೆಗಳ ಸಂತೆಯ ನಡುವೆ.

ಲೆಕ್ಕ ಗೆದ್ದಿತು ಎನ್ನುವಷ್ಟರಲ್ಲಿ ತಕರಾರು ಎದ್ದಿತು. ಅದೇ ವರ್ಷ ಜಪಾನಿನ ವಾಕೊ ಅಓಕಿ ತಂಡ ನೋಡಿದ ಇಂಥವೇ ನಕ್ಷತ್ರಗಳಲ್ಲಿ ಸೀಸ ನಿರೀಕ್ಷೆಯಷ್ಟಿರಲಿಲ್ಲ. ಎಷ್ಟು ಪ್ರೋಟಾನ್ ಸೋರುತ್ತದೆ ಎಂಬುದನ್ನು ಮಾದರಿಗಳು ಇವತ್ತಿಗೂ ಬಹುಮಟ್ಟಿಗೆ ಅಂದಾಜಿನಲ್ಲೇ ಹಾಕಿಕೊಳ್ಳುತ್ತವೆ. ನನ್ನ ಕಣ್ಣಿಗೆ ಇಡೀ ಕತೆಯ ಸಡಿಲ ಗಂಟು ಅದೇ. ಇನ್ನು ಕೆಲವು ನಕ್ಷತ್ರಗಳಲ್ಲಿ ನಿಧಾನದ್ದೂ ವೇಗದ್ದೂ ಬೆರೆತಂತೆ ಕಾಣುತ್ತದೆ. ಅವಕ್ಕೆ 1977ರಲ್ಲೇ ಸೂಚಿಸಿದ್ದ ನಡುವಿನ ವೇಗದ ಮೂರನೇ ಬಗೆಯನ್ನು ಈಗ ಪರೀಕ್ಷಿಸುತ್ತಿದ್ದಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅರುಣಾ ಗೋಸ್ವಾಮಿ ಮತ್ತವರ ವಿದ್ಯಾರ್ಥಿಗಳೂ ಲಡಾಖ್‌ನ ಹಾನ್ಲೆಯ 2 ಮೀಟರ್ ದೂರದರ್ಶಕದ ನೆರವಿನಿಂದ ಇಂಥ ನಕ್ಷತ್ರಗಳ ಬೆನ್ನುಬಿದ್ದಿದ್ದಾರೆ.

ಗೋಗಿಯ ಯುರೇನಿಯಂಗೆ ಈ ಮುದಿ ನಕ್ಷತ್ರಗಳ ನಂಟಿಲ್ಲ. ನಿಧಾನದ ದಾರಿ ಬಿಸ್ಮತ್‌ಗೆ ಮುಗಿಯುತ್ತದೆ. ಅಲ್ಲಿಂದ ಹೆಜ್ಜೆ ಇಟ್ಟರೆ ಪೊಲೋನಿಯಂ ಆಗಿ, ಒಡೆದು ಮತ್ತೆ ಸೀಸವೇ. ಯುರೇನಿಯಂಗೆ ವೇಗದ್ದೇ ಬೇಕು. ಅಂಥ ಒಂದು ಕಡೆಯನ್ನು 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ ತೋರಿಸಿತು. ಆದರೆ ಯುರೇನಿಯಂ-238 ಕೂಡ ಕೊನೆಗೆ ಸೀಸವೇ ಆಗುತ್ತದೆ. ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, ಭೂಮಿಯ ವಯಸ್ಸಿಗೆ ಹತ್ತಿರ. ಹಾಗಾಗಿ ಅದಿರಿನೊಳಗಿನ ಸೀಸದಲ್ಲಿ ಎರಡು ಮನೆತನ ಬೆರೆತಿರುತ್ತದೆ. 204 ತೂಕದ ಸೀಸ ಮಾತ್ರ ಯಾವ ಯುರೇನಿಯಂನಿಂದಲೂ ಹುಟ್ಟುವುದಿಲ್ಲ, ಅದು ನಿಧಾನದ ಅಡುಗೆಯದು. ಅದಿರಿನ ವಯಸ್ಸು ಎಣಿಸುವ ಭೂವಿಜ್ಞಾನಿಗಳು ಉಳಿದ ಸೀಸವನ್ನೆಲ್ಲ ಅದರ ಪಕ್ಕದಲ್ಲಿಟ್ಟು ಅಳೆಯುತ್ತಾರೆ.