ಫ್ಲಟರ್ ಅನುಸ್ಥಾಪನೆ: ಮೊದಲು ಜಾಗ ಸರಿಯಿರಲಿ

ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್, ವೆಬ್ ಹಾಗೂ ವಿಂಡೋಸ್ ಆಪ್‌ಗಳನ್ನು ರೂಪಿಸಲು ನೆರವಾಗುವ ಗೂಗಲ್‌ನ ಫ್ಲಟರ್, ತನ್ನ ಮೊದಲ ಸ್ಥಿರ ಆವೃತ್ತಿಯನ್ನು ಕಂಡದ್ದು 2018ರ ಡಿಸೆಂಬರ್‌ನಲ್ಲಿ. ವಿಂಡೋಸ್ ಆಪ್‌ಗಳಿಗೆ ಸ್ಥಿರ ಬೆಂಬಲ ದೊರೆತದ್ದು 2022ರಲ್ಲಿ. ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದನ್ನು ಕಲಿಸುವಾಗ ನಾನು ಗಮನಿಸಿರುವಂತೆ, ಫ್ಲಟರ್ ಆಪ್‌ಗಳ ಕೋಡ್ ಬರೆಯುವ ಡಾರ್ಟ್ ಭಾಷೆ ಅವರನ್ನು ಅಷ್ಟಾಗಿ ಕಾಡುವುದಿಲ್ಲ. ಬಹಳಷ್ಟು ಮಂದಿ ಕೈಚೆಲ್ಲುವುದು ಅನುಸ್ಥಾಪನೆಯ ಹಂತದಲ್ಲೇ.

ಇದಕ್ಕೆ ಮುಖ್ಯ ಕಾರಣ ಫೋಲ್ಡರ್‌ನ ಆಯ್ಕೆ. ನಮ್ಮಲ್ಲಿ ಹೆಸರಿನೊಂದಿಗೆ ಇನಿಷಿಯಲ್ ಸೇರಿಸಿ ಬರೆಯುವುದು ರೂಢಿ. ವಿಂಡೋಸ್‌ನ ಲೋಕಲ್ ಅಕೌಂಟ್‌ಗೆ 'ರಮ್ಯಾ ಎಚ್' ಎಂಬಂಥ ಹೆಸರು ಕೊಟ್ಟರೆ ಬಳಕೆದಾರರ ಫೋಲ್ಡರ್‌ನ ಹೆಸರಿನಲ್ಲೂ ಖಾಲಿ ಜಾಗ (ಸ್ಪೇಸ್) ಉಳಿಯುತ್ತದೆ. ಆಂಡ್ರಾಯ್ಡ್ ಆಪ್ ರೂಪಿಸುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೋ ತನ್ನ ಎಸ್‌ಡಿಕೆಯನ್ನು (ಆಪ್ ತಯಾರಿಕೆಯ ಸಲಕರಣೆಗಳ ಕಟ್ಟು) ತಾನಾಗಿಯೇ ಇಳಿಸುವುದು ಆ ಫೋಲ್ಡರ್‌ನ ಒಳಗೇ ಆದ್ದರಿಂದ, ಖಾಲಿ ಜಾಗವನ್ನು ಸಹಿಸದ ಎನ್‌ಡಿಕೆ (ಸಿ, ಸಿ++ ಕೋಡ್‌ಗಾಗಿ ಇರುವ ಆಂಡ್ರಾಯ್ಡ್ ಕಟ್ಟು) ಸಲಕರಣೆಗಳು ಮುಂದೆ ತಕರಾರು ತೆಗೆಯುತ್ತವೆ. ಫ್ಲಟರ್ ಮತ್ತು ಆಂಡ್ರಾಯ್ಡ್ ಎಸ್‌ಡಿಕೆ ಎರಡನ್ನೂ ಸಿ ಡ್ರೈವ್‌ನಲ್ಲಿ 'ಡೆವ್' ಎಂಬಂಥ ಚಿಕ್ಕ ಇಂಗ್ಲಿಷ್ ಹೆಸರಿನ ಫೋಲ್ಡರ್ ಮಾಡಿ ಅಲ್ಲಿ ಇಡುವುದು ಒಳ್ಳೆಯದು. 'ಪ್ರೋಗ್ರಾಂ ಫೈಲ್ಸ್' ಒಳಗೆ ಇಡಲೇಬಾರದು. ಅಲ್ಲಿ ಬರೆಯಲು ಅಡ್ಮಿನ್ ಅನುಮತಿ ಬೇಕು, ಫ್ಲಟರ್ ಆದರೋ ತನ್ನ ಫೋಲ್ಡರ್‌ನಲ್ಲೇ ಫೈಲ್‌ಗಳನ್ನು ಬದಲಿಸುತ್ತಿರುತ್ತದೆ.

ಕೋಡ್‌ನ ಆವೃತ್ತಿಗಳನ್ನು ನಿರ್ವಹಿಸುವ ಗಿಟ್ ತಂತ್ರಾಂಶ ಅಳವಡಿಸಿ, ಫ್ಲಟರ್‌ನ 'ಬಿನ್' ಫೋಲ್ಡರನ್ನು ಪಾತ್‌ಗೆ (ಆಜ್ಞೆಗಳನ್ನು ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸೇರಿಸಿ, ಹೊಸ ಟರ್ಮಿನಲ್ ತೆರೆದು 'ಫ್ಲಟರ್ ಡಾಕ್ಟರ್' ಆಜ್ಞೆಯನ್ನು ನಡೆಸಿದರೆ ಏನಿದೆ, ಏನಿಲ್ಲ ಎಂಬುದು ಸಾಲು ಸಾಲಾಗಿ ಕಾಣುತ್ತದೆ. ದಯವಿಟ್ಟು ಪ್ರತಿ ಸಾಲನ್ನೂ ಪೂರ್ತಿ ಓದಿ. ಆಂಡ್ರಾಯ್ಡ್ ಲೈಸೆನ್ಸ್ ಒಪ್ಪಿಲ್ಲವೆಂದು ಅದು ಹೇಳಿದಾಗ ಅನೇಕರು ನೇರವಾಗಿ ಲೈಸೆನ್ಸ್ ಆಜ್ಞೆ ಕೊಟ್ಟು ಸೋಲುತ್ತಾರೆ. ಎಸ್‌ಡಿಕೆ ಮ್ಯಾನೇಜರ್‌ನಲ್ಲಿ 'ಕಮಾಂಡ್ ಲೈನ್ ಟೂಲ್ಸ್' ಎಂಬುದಕ್ಕೆ ಮೊದಲು ಟಿಕ್ ಹಾಕಿ ಅಳವಡಿಸದೆ ಆ ಆಜ್ಞೆ ಕೆಲಸ ಮಾಡದು. ವಿಂಡೋಸ್ ಆಪ್ ರೂಪಿಸಲು ಬೇಕಾಗುವ ವಿಷುಯಲ್ ಸ್ಟುಡಿಯೋ ಇಲ್ಲವೆಂಬ ಡಾಕ್ಟರ್‌ನ ದೂರಿಗೆ ವಿಎಸ್ ಕೋಡ್ ಉತ್ತರವಲ್ಲ, ಅವೆರಡೂ ಬೇರೆ ಬೇರೆ. ಆದರೆ ಆಂಡ್ರಾಯ್ಡ್ ಆಪ್ ಮಾತ್ರ ಸಾಕೆನ್ನುವವರು ಆ ದೂರನ್ನು ಹಾಗೆಯೇ ಬಿಡಬಹುದು, ಹಲವು ಜಿಬಿ ಜಾಗ ಉಳಿಯುತ್ತದೆ. ಐಫೋನ್ ಆಪ್ ಬಿಲ್ಡ್ ಮಾಡಲು ಮ್ಯಾಕ್ ಬೇಕೇ ಬೇಕು.

8 ಜಿಬಿ ರ‍್ಯಾಮ್ ಇರುವ ಡೆಸ್ಕ್‌ಟಾಪ್‌ನಲ್ಲಿ ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲೇ ಓಡುವ ನಕಲಿ ಫೋನ್) ತೆವಳುತ್ತದೆ. ಅದಕ್ಕಾಗಿ ತಕ್ಷಣವೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರಸ್ತೆಗೆ ಹೋಗಿ ರ‍್ಯಾಮ್ ಕೊಳ್ಳಬೇಕಾಗಿಲ್ಲ. ಕೈಯಲ್ಲಿರುವ ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ (ಕಂಪ್ಯೂಟರ್‌ನಿಂದ ಆಪ್ ಓಡಿಸಿ ಪರೀಕ್ಷಿಸಲು ಬಿಡುವ ಸೆಟ್ಟಿಂಗ್) ತೆರೆದು, ಡೇಟಾ ಸಾಗಿಸುವ ಕೇಬಲ್‌ನಿಂದ ಜೋಡಿಸಿದರೆ ಕಲಿಕೆಗೆ ಧಾರಾಳವಾಗಿ ಸಾಕು.

ಮೊದಲ ಬಿಲ್ಡ್‌ಗೆ ಹೆಚ್ಚು ಹೊತ್ತು ಹಿಡಿಯುವುದು ಸಹಜ, ಏಕೆಂದರೆ ಆಂಡ್ರಾಯ್ಡ್ ಆಪನ್ನು ಬಿಲ್ಡ್ ಮಾಡುವ ಸಲಕರಣೆಯಾದ ಗ್ರೇಡಲ್ ತನಗೆ ಬೇಕಾದುದನ್ನೆಲ್ಲ ಆಗ ಇಳಿಸಿಕೊಳ್ಳುತ್ತಿರುತ್ತದೆ. ನಡುವೆ ನಿಲ್ಲಿಸಿದ ಮೇಲೆ ಜಿಪ್ ಫೈಲ್ ತೆರೆಯಲಾಗದೆಂಬ ದೋಷ ಕಂಡರೆ, ಬಳಕೆದಾರರ ಫೋಲ್ಡರ್‌ನಲ್ಲಿರುವ ಗ್ರೇಡಲ್ ಫೋಲ್ಡರ್‌ನಿಂದ ಅರೆಬರೆ ಇಳಿದ ಆವೃತ್ತಿಯನ್ನು ಅಳಿಸಿ ಮತ್ತೆ ನಡೆಸಿ. ಫ್ಲಟರನ್ನೇ ತೆಗೆದುಹಾಕಿ ಮೊದಲಿನಿಂದ ಆರಂಭಿಸುವ ಅಗತ್ಯವಿಲ್ಲ.